ಕೆರೆ ಹಸಿರುಗಟ್ಟಿದೆ, ಯಾವ ಮದ್ದು ಹಾಕೋಣ?

ಮಾರ್ಚ್ ಕಳೆದು ಏಪ್ರಿಲ್ ಬಂತೆಂದರೆ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲ, ಮಂಜೇಶ್ವರ ಕಡೆಯ ಎಷ್ಟೋ ಕೆರೆಗಳ ಬಣ್ಣ ಬದಲಾಗುತ್ತದೆ. ನೀರು ಇಳಿಯುತ್ತದೆ, ಬಿಸಿಲು ಏರುತ್ತದೆ, ಹಸಿರು ದಪ್ಪವಾಗುತ್ತಾ ಹೋಗುತ್ತದೆ. ಆಗ ಊರಿನ ವಾಟ್ಸಾಪ್ ಗುಂಪಿನಲ್ಲಿ ಸಲಹೆಗಳ ಸುರಿಮಳೆ. ಒಬ್ಬರು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಹಾಕಿ ಅನ್ನುತ್ತಾರೆ. ಇನ್ನೊಬ್ಬರು ಬ್ಲೀಚಿಂಗ್ ಪೌಡರ್. ಮತ್ತೊಬ್ಬರು ಹುಲ್ಲುಗೆಂಡೆ (ಗ್ರಾಸ್ ಕಾರ್ಪ್) ಮೀನು ಬಿಡೋಣ ಅನ್ನುತ್ತಾರೆ. ದುಡ್ಡಿದ್ದವರು ಕಾರಂಜಿ ಹಾಕಿಸಿ ಅನ್ನುತ್ತಾರೆ. ಕೊನೆಗೆ ಯಾರಾದರೂ ‘ಹಿಟಾಚಿ ತನ್ನಿ, ಹೂಳೆತ್ತಿ’ ಅಂದರೆ ಎಲ್ಲರೂ ಹೌದು ಹೌದು ಅನ್ನುತ್ತಾರೆ. ಕೆಲಸ ನಡೆದದ್ದು ಕಣ್ಣಿಗೆ ಕಾಣುತ್ತದೆ ಅಲ್ವಾ, ಅದಕ್ಕೆ.

ಇದರಲ್ಲಿ ಪೂರ್ತಿ ಸುಳ್ಳು ಯಾವುದೂ ಇಲ್ಲ. ಎಲ್ಲ ಕೆರೆಗೂ ಸರಿಹೋಗುವಂಥದ್ದೂ ಯಾವುದೂ ಇಲ್ಲ. ಆರಿಸುವಾಗ ಒಂದೇ ಪ್ರಶ್ನೆ ಕೇಳಿ: ಈ ಮದ್ದಿನಿಂದ ನೀರಿನಲ್ಲಿರುವ ಗೊಬ್ಬರ ಹೊರಗೆ ಹೋಗುತ್ತದಾ, ಇಲ್ಲ ಕೆರೆಯೊಳಗೇ ಜಾಗ ಬದಲಿಸುತ್ತದಾ? ಈ ಬರಹದಲ್ಲಿ ನಾನು ಒಂದೊಂದು ಉಪಾಯವನ್ನೂ ಅಳೆದದ್ದು ಇದೇ ಕೋಲಿನಲ್ಲಿ.

ಗೊಬ್ಬರದ ಲೆಕ್ಕ

ಪಾಚಿ ಬೆಳೆಯಲು ಬಿಸಿಲು, ನೀರು, ಇಂಗಾಲ, ಸಾರಜನಕ, ರಂಜಕ ಎಲ್ಲ ಬೇಕು. ಕೆರೆಯಲ್ಲಿ ಸಾಮಾನ್ಯವಾಗಿ ಮೊದಲು ಖಾಲಿಯಾಗುವುದು ರಂಜಕ. ಹಾಗಾಗಿ ಬೀಗದ ಕೈ ಅದರ ಹತ್ತಿರ ಇರುತ್ತದೆ. ಕೆನಡಾದ ಒಂಟಾರಿಯೊದಲ್ಲಿ 226 ಎಂಬ ನಂಬರಿನ ಸರೋವರಕ್ಕೆ 1973ರಲ್ಲಿ ನಡುವೆ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಒಂದು ಭಾಗಕ್ಕೆ ಇಂಗಾಲ ಮತ್ತು ಸಾರಜನಕ ಹಾಕಿದರು. ಇನ್ನೊಂದಕ್ಕೆ ಅವೆರಡರ ಜೊತೆ ರಂಜಕವನ್ನೂ ಹಾಕಿದರು. ಹಸಿರುಗಟ್ಟಿದ್ದು ರಂಜಕ ಬಿದ್ದ ಭಾಗ. ಮೇಲಿಂದ ತೆಗೆದ ಅದರ ಫೋಟೋ ನೋಡಿದರೆ ಬೇರೆ ವಿವರಣೆ ಬೇಡ.

ಈಗ ನಮ್ಮ ತೋಟದ ಲೆಕ್ಕಕ್ಕೆ ಬರೋಣ. ಅಡಿಕೆ ಮರ ಒಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಶ್ ಅನ್ನುವುದು ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಶಿಫಾರಸು. ಎಕರೆಗೆ 550 ಮರ ಅಂತ ಇಟ್ಟುಕೊಂಡರೆ ರಂಜಕ 22 ಕಿಲೋ. ಗೊಬ್ಬರದ ಲೆಕ್ಕದಲ್ಲಿ ರಂಜಕ ಅಂದರೆ ಅದರ ಆಕ್ಸೈಡ್. ಬರೀ ರಂಜಕ ತೆಗೆದರೆ ಒಂಬತ್ತೂವರೆ ಕಿಲೋ ಚಿಲ್ಲರೆ ಸಿಗುತ್ತದೆ. ಇದರಲ್ಲಿ ನೂರರಲ್ಲಿ ಒಂದು ಪಾಲು, ಅಂದರೆ ನೂರು ಗ್ರಾಂನಷ್ಟು, ಕೊಚ್ಚಿಕೊಂಡು ಕೆರೆಗೆ ಹೋಯಿತು ಅನ್ನೋಣ. ಒಂದು ಗ್ರಾಂ ರಂಜಕ ನೂರು ಗ್ರಾಂಗಿಂತ ಸ್ವಲ್ಪ ಜಾಸ್ತಿ ಒಣ ಪಾಚಿಯನ್ನು ಬೆಳೆಸಬಲ್ಲದು. ಅಲ್ಲಿಗೆ ಹತ್ತು ಕಿಲೋ ಒಣ ಪಾಚಿ. ಹಸಿಯಾಗಿ ತೂಗಿದರೆ ಕ್ವಿಂಟಾಲ್ ಲೆಕ್ಕ. ಒಂದು ಎಕರೆ, ನೂರರಲ್ಲಿ ಒಂದು ಪಾಲು ಸೋರಿಕೆ, ಅಷ್ಟೇ. ದನದ ಹಟ್ಟಿ ತೊಳೆದ ನೀರು, ಗೋಬರ್ ಗ್ಯಾಸಿನ ಸ್ಲರಿ, ಕೆರೆಕಟ್ಟೆಯಲ್ಲಿ ಬಟ್ಟೆ ಒಗೆದದ್ದು ಯಾವುದೂ ಈ ಲೆಕ್ಕದಲ್ಲಿ ಸೇರಿಲ್ಲ.

ನಮ್ಮ ಮಣ್ಣಿಗೆ ಒಂದು ಒಳ್ಳೆಯ ಗುಣ ಇದೆ. ಮುರಕಲ್ಲಿನ (ಜಂಬಿಟ್ಟಿಗೆಯ) ಕೆಂಪು ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಜಾಸ್ತಿ. ಇವು ರಂಜಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಹಾಗಾಗಿ ತೋಟಕ್ಕೆ ಹಾಕಿದ ರಂಜಕ ನೀರಿನಲ್ಲಿ ಕರಗಿ ಹೋಗುವುದಕ್ಕಿಂತ ಮಣ್ಣಿನ ಜೊತೆ ಕೊಚ್ಚಿ ಹೋಗುವುದೇ ಹೆಚ್ಚು. ಜೂನ್‌ನಲ್ಲಿ ತೋಡಿನ (ಸಣ್ಣ ಹಳ್ಳದ) ನೀರು ಕೆಂಪಾಗಿ ಹರಿಯುವುದು ಕಂಡರೆ ಅದರೊಳಗೆ ನಿಮ್ಮ ಗೊಬ್ಬರದ ದುಡ್ಡೂ ಇದೆ ಅಂತ ತಿಳಿಯಿರಿ. ಆದರೆ ಕೆರೆಯ ತಳದಲ್ಲಿ ಆಮ್ಲಜನಕ ಮುಗಿದರೆ ಇದೇ ಕಬ್ಬಿಣ ಹಿಡಿತ ಬಿಡುತ್ತದೆ. ಕೆಸರಿನಲ್ಲಿದ್ದ ರಂಜಕ ಮತ್ತೆ ನೀರಿಗೆ ಬರುತ್ತದೆ. ಹೊರಗಿನಿಂದ ಏನೂ ಬರದಿದ್ದರೂ ಬೇಸಗೆಯಲ್ಲಿ ಕೆರೆ ತಾನಾಗಿಯೇ ಹಸಿರಾಗುವ ಗುಟ್ಟು ಇದು.

ಮೊದಲು ನೋಡಿ, ಯಾವ ಹಸಿರು?

ಮದ್ದು ಹುಡುಕುವ ಮೊದಲು ಕೆರೆಕಟ್ಟೆಯಲ್ಲಿ ಹತ್ತು ನಿಮಿಷ ಕೂತುಕೊಳ್ಳಿ. ಒಂದು ಕೋಲು ಇರಲಿ. ನೀರಲ್ಲಿ ಅದ್ದಿ ಎತ್ತಿದಾಗ ಕೂದಲಿನ ಹಾಗೆ ಎಳೆಎಳೆಯಾಗಿ ಮೇಲೆ ಬಂದರೆ ಅದು ಎಳೆಪಾಚಿ. ನೋಡಲು ಅಸಹ್ಯ, ಆದರೆ ಬಾಚಿ ತೆಗೆಯಬಹುದು. ಕೋಲಿಗೆ ಹಸಿರು ಪೇಂಟ್ ಹಚ್ಚಿದಂತೆ ಅಂಟಿದರೆ ಹುಷಾರಾಗಬೇಕು. ಅದು ನೀಲಿಹಸಿರು ಪಾಚಿ ಆಗಿರಬಹುದು. ಅದರಲ್ಲಿ ಕೆಲವು ಜಾತಿಗಳು ಯಕೃತ್ತಿಗೆ ವಿಷವಾಗುವ ವಸ್ತು ಬಿಡುತ್ತವೆ. ನೀರು ಕುದಿಸಿದರೆ ಆ ವಿಷ ಹೋಗುವುದಿಲ್ಲ.

ಖಾತ್ರಿ ಮಾಡಿಕೊಳ್ಳಲು ಇನ್ನೊಂದು ಉಪಾಯ ಇದೆ. ಗಾಜಿನ ಬಾಟಲಿಯಲ್ಲಿ ಮುಕ್ಕಾಲು ಭಾಗ ಕೆರೆಯ ನೀರು ತುಂಬಿಸಿ, ಮುಚ್ಚಿ, ಫ್ರಿಜ್ಜಿನಲ್ಲಿ ಅಲುಗಾಡಿಸದೆ ಒಂದು ರಾತ್ರಿ ಇಡಿ. ಬೆಳಗ್ಗೆ ಹಸಿರೆಲ್ಲ ತಳಕ್ಕೆ ಇಳಿದಿದ್ದರೆ ಬಹುಶಃ ಸಾಮಾನ್ಯ ಪಾಚಿ. ಮೇಲೆ ತೇಲಿ ಉಂಗುರ ಕಟ್ಟಿದ್ದರೆ ನೀಲಿಹಸಿರಿನ ಅನುಮಾನ ಗಟ್ಟಿ. ಅಂಥ ಕೆರೆಯಲ್ಲಿ ಮಕ್ಕಳು ಈಜುವುದು ಬೇಡ, ದನಕ್ಕೆ ಕುಡಿಸುವುದೂ ಬೇಡ. ಬಾಟಲಿಗೆ ಹೆಸರು ಬರೆದಿಡಿ, ಮನೆಯವರು ಜ್ಯೂಸ್ ಅಂದುಕೊಂಡಾರು.

ಕೆಲವು ದೇವಸ್ಥಾನದ ಕೆರೆಗಳಲ್ಲಿ ಬೆಳಗ್ಗೆ ಹಸಿರಾಗಿ, ಬಿಸಿಲೇರಿದಾಗ ಇಟ್ಟಿಗೆ ಕೆಂಪಾಗಿ ಕಾಣುವ ಕೆನೆ ಇರುತ್ತದೆ. ಅದು ಯೂಗ್ಲೀನಾ. ನೀರಿನಲ್ಲಿ ಕೊಳೆತ ವಸ್ತು ತುಂಬಾ ಇದೆ ಅನ್ನುವುದಕ್ಕೆ ಅದೊಂದು ಗುರುತು. ಮುರಕಲ್ಲಿನ ಒರತೆ ಇರುವಲ್ಲಿ ಎಣ್ಣೆ ಹರಡಿದಂತೆ ಹೊಳೆಯುವ ಪದರ ಕಾಣುವುದೂ ಉಂಟು. ಕೋಲಿನಿಂದ ತಟ್ಟಿ ನೋಡಿ. ಹಪ್ಪಳದ ಹಾಗೆ ಚೂರುಚೂರಾದರೆ ಅದು ಕಬ್ಬಿಣದ ಬ್ಯಾಕ್ಟೀರಿಯಾ, ಭಯ ಬೇಡ. ಒಡೆದದ್ದು ಮತ್ತೆ ಬಂದು ಕೂಡಿಕೊಂಡರೆ ನಿಜವಾದ ಎಣ್ಣೆ. ಪಂಪ್ ಸೋರುತ್ತಿದೆಯಾ ನೋಡಿ.

ನೀರಿನ ತಿಳಿ ಅಳೆಯಲು ಒಂದು ಸ್ಟೀಲ್ ತಟ್ಟೆ ಸಾಕು. ಕಾಲುಕಾಲು ಭಾಗ ಕಪ್ಪು ಬಿಳಿ ಬಣ್ಣ ಬಳಿದು, ನಡುವೆ ತೂತು ಮಾಡಿ, ಗುರುತು ಹಾಕಿದ ಹಗ್ಗ ಕಟ್ಟಿ ಇಳಿಸಿ. ಕಣ್ಣಿಗೆ ಕಾಣದಾದ ಆಳವನ್ನು ಬರೆದಿಡಿ. ಆಂಜೆಲೊ ಸೆಕ್ಕಿ ಎಂಬ ಇಟಲಿಯ ಪಾದ್ರಿ 1865ರಲ್ಲಿ ಬಳಸಿದ ಈ ಉಪಾಯ ಇವತ್ತಿಗೂ ವಿಜ್ಞಾನಿಗಳ ಕೈಯಲ್ಲಿದೆ. ಅರ್ಧ ಮೀಟರಿಗೇ ತಟ್ಟೆ ಮಾಯವಾದರೆ, ಕೆಂಪು ಮಣ್ಣಿನ ಕದಡು ಇಲ್ಲದಿದ್ದರೆ, ಕೆರೆಗೆ ಗೊಬ್ಬರ ಜೋರಾಗಿಯೇ ಬಿದ್ದಿದೆ. ಇನ್ನೊಂದು ಗುರುತು ಬೆಳಗಿನ ಜಾವ ಸಿಗುತ್ತದೆ. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಆಮ್ಲಜನಕ ಮುಗಿಯುತ್ತಾ ಬಂದಿದೆ. ಪಾಚಿ ಹಗಲು ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಉಸಿರಾಡಿ ಅದನ್ನು ಮುಗಿಸುತ್ತದೆ.

ಬೇಗದ ಮದ್ದುಗಳು: ಮೈಲುತುತ್ತ, ಬ್ಲೀಚಿಂಗ್, ಪಟಿಕ

ಅಡಿಕೆ ಬೆಳೆಗಾರನ ಮನೆಯಲ್ಲಿ ಮೈಲುತುತ್ತ ಇದ್ದೇ ಇರುತ್ತದೆ. ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಬಿಟ್ಟು ಉಳಿದ ಅರ್ಧ ಚೀಲ ಮೂಲೆಯಲ್ಲಿ ಬಿದ್ದಿರುತ್ತದೆ. ಹಾಗಾಗಿ ‘ಸ್ವಲ್ಪ ಕೆರೆಗೂ ಹಾಕಿಬಿಡೋಣ’ ಅನ್ನುವುದು ಬಾಯಿಗೆ ಸುಲಭವಾಗಿ ಬರುತ್ತದೆ. ಪಾಚಿ ಸಾಯುತ್ತದೆ, ಅದು ಸತ್ಯ. ನಾಲ್ಕು ದಿನದಲ್ಲಿ ನೀರು ತಿಳಿಯಾದಂತೆ ಕಾಣುತ್ತದೆ. ಆದರೂ ನಮ್ಮ ಕಡೆಯ ಕೆರೆಗೆ ನಾನು ಇದನ್ನು ಕೊನೆಯಲ್ಲಿ ಇಡುತ್ತೇನೆ.

ಕಾರಣ ನಮ್ಮ ನೀರಿನಲ್ಲೇ ಇದೆ. ಇಲ್ಲಿ ಸಾಬೂನು ಒಂಚೂರು ಉಜ್ಜಿದರೆ ನೊರೆ ಉಕ್ಕುತ್ತದೆ, ತೊಳೆದಷ್ಟೂ ಜಾರುತ್ತದೆ. ಅಷ್ಟು ಮೆದು ನೀರು ಇದು. ಸುಣ್ಣದ ಅಂಶ ತೀರಾ ಕಡಿಮೆ. ಗಡಸು ನೀರಿನಲ್ಲಿ ತಾಮ್ರದ ಜೋರನ್ನು ಸುಣ್ಣ ಸ್ವಲ್ಪ ತಗ್ಗಿಸುತ್ತದೆ. ಮೆದು ನೀರಿನಲ್ಲಿ ಅಡ್ಡ ಬರುವವರು ಯಾರೂ ಇಲ್ಲ, ತಾಮ್ರ ನೇರ ಮೀನಿನ ಕಿವಿರಿಗೆ ಹೋಗಿ ತಟ್ಟುತ್ತದೆ. ಮೀನು ಸಾಕುವವರಲ್ಲಿ ಒಂದು ನಿಯಮ ಇದೆ: ನೀರಿನ ಕ್ಷಾರೀಯತೆ (ಹುಳಿಯನ್ನು ತಾಳುವ ಗುಣ) ಲೀಟರಿಗೆ 50 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಮೈಲುತುತ್ತ ಮುಟ್ಟಬೇಡಿ. ಅದಕ್ಕಿಂತ ಮೇಲಿದ್ದರೆ ಕ್ಷಾರೀಯತೆಯ ನೂರರಲ್ಲಿ ಒಂದು ಪಾಲು ಮಾತ್ರ. ಎಂದರೆ ಗಡಸು ನೀರಿನ ಊರಿನವರು ಯೂಟ್ಯೂಬಿನಲ್ಲಿ ಹೇಳಿದ ಪ್ರಮಾಣವನ್ನು ಇಲ್ಲಿ ಹಾಕಿದರೆ ಮೀನು, ಕಪ್ಪೆಮರಿ, ಬಸವನಹುಳು ಎಲ್ಲ ಹೋಗುತ್ತವೆ.

ಇನ್ನೊಂದು ತೊಂದರೆ ನಿಧಾನಕ್ಕೆ ಬರುತ್ತದೆ. ಸತ್ತ ಪಾಚಿ ತಳಕ್ಕೆ ಬಿದ್ದು ಕೊಳೆಯುತ್ತದೆ. ಕೊಳೆಯುವಾಗ ಆಮ್ಲಜನಕ ತಿನ್ನುತ್ತದೆ. ತಾಮ್ರದಿಂದ ಉಳಿದ ಮೀನು ಉಸಿರು ಸಿಗದೆ ಸಾಯುತ್ತದೆ. ನೀಲಿಹಸಿರು ಪಾಚಿಯಾಗಿದ್ದರೆ ಸಾಯುವಾಗ ಒಳಗಿದ್ದ ವಿಷವೂ ನೀರಿಗೆ ಬಿಡುಗಡೆ. ರಂಜಕ ಎಲ್ಲಿ ಹೋಯಿತು? ಎಲ್ಲಿಗೂ ಹೋಗಿಲ್ಲ. ಕೆಲವೇ ವಾರದಲ್ಲಿ ಅದೇ ಗೊಬ್ಬರದಲ್ಲಿ ಹೊಸ ಪಾಚಿ. ತಾಮ್ರ ಮಾತ್ರ ಹೂಳಿನಲ್ಲಿ ಸೇರಿಕೊಂಡಿತು. ಮುಂದೆ ಆ ಹೂಳನ್ನು ತೋಟಕ್ಕೆ ಹಾಕುತ್ತೀರಿ. ವರ್ಷವರ್ಷ ಬೋರ್ಡೋ ಕುಡಿದ ಮಣ್ಣಿಗೆ ಮತ್ತೊಂದಿಷ್ಟು ತಾಮ್ರ.

ಬ್ಲೀಚಿಂಗ್ ಪೌಡರ್ ಬಾವಿಗೆ ಸರಿ. ರೋಗಾಣು ಕೊಲ್ಲಲು ಅದು ಬೇಕು. ಹಸಿರುಗಟ್ಟಿದ ಕೆರೆಗೆ ಹಾಕಿದರೆ ಕ್ಲೋರಿನ್ ಎಲ್ಲ ಪಾಚಿ-ಕೆಸರಿನ ಜೊತೆ ಹೋರಾಡಿಯೇ ಮುಗಿದುಹೋಗುತ್ತದೆ. ದುಡ್ಡು ದಂಡ.

ಪಟಿಕ, ಅಂದರೆ ಆಲಂ, ಇವೆರಡಕ್ಕಿಂತ ಬೇರೆ ಜಾತಿಯದು. ಅದು ಪಾಚಿಯನ್ನು ಕೊಲ್ಲಲು ಹೋಗುವುದಿಲ್ಲ, ರಂಜಕವನ್ನು ಕಟ್ಟಿಹಾಕಿ ತಳಕ್ಕೆ ಕೂರಿಸುತ್ತದೆ. ನನ್ನ ಅಳತೆಕೋಲಿನಲ್ಲಿ ಇದಕ್ಕೆ ಅರ್ಧ ಅಂಕ ಕೊಡಬಹುದು. ಹೊರದೇಶದ ದೊಡ್ಡ ಸರೋವರಗಳಲ್ಲಿ ಲೆಕ್ಕ ಹಾಕಿ ಬಳಸುತ್ತಾರೆ. ಆದರೆ ಇಲ್ಲಿಯೂ ನಮ್ಮ ಮೆದು ನೀರೇ ಅಡ್ಡಿ. ಪಟಿಕ ನೀರನ್ನು ಹುಳಿ ಮಾಡುತ್ತದೆ. ಹುಳಿ ನೀರಿನಲ್ಲಿ ಅಲ್ಯೂಮಿನಿಯಂ ಮೀನಿಗೆ ವಿಷ. ಜೊತೆಗೆ ಸುಣ್ಣ ಹಾಕಿ ಹದ ಕಾಯಬೇಕು. ಹದ ತಿಳಿದವರು, ಪಿಎಚ್ ಅಳೆಯುವ ಸಾಧನ ಎರಡೂ ಇದ್ದರೆ ಮಾತ್ರ ಕೈ ಹಾಕಿ.

ತೇಲುವ ಕಳೆ: ಕೈಯೋ, ಹುಳವೋ, ಮೀನೋ?

ಅಂತರಗಂಗೆ, ನೀಲಿ ಹೂವಿನ ಜಲಕಳೆ, ಕೇರಳದವರೆಲ್ಲ ಆಫ್ರಿಕನ್ ಪಾಯಲ್ ಅನ್ನುವ ಸಾಲ್ವೀನಿಯಾ. ಹೆಸರಿನಲ್ಲಿ ಆಫ್ರಿಕಾ ಇದ್ದರೂ ಅದರ ಮೂಲ ಬ್ರೆಜಿಲ್. ಇವನ್ನು ನೋಡಿ ಬೈಯುವ ಮೊದಲು ಒಂದು ಮಾತು. ಇವು ನೀರಿನಲ್ಲಿದ್ದ ಗೊಬ್ಬರವನ್ನು ಹೀರಿ ನಿಮ್ಮ ಕೈಗೆ ಎಟಕುವಂತೆ ಮೇಲೆ ತೇಲಿಸಿ ಕೊಟ್ಟಿವೆ. ಪಾಚಿಯನ್ನು ಬುಟ್ಟಿಯಲ್ಲಿ ಎತ್ತಲು ಆಗುವುದಿಲ್ಲ, ಇದನ್ನು ಎತ್ತಬಹುದು. ಎತ್ತಿ ದೂರ ಸಾಗಿಸಿದರೆ ರಂಜಕ ನಿಜವಾಗಿ ಹೊರಗೆ ಹೋಯಿತು.

ಕೈಯಿಂದ ತೆಗೆಯುವುದು ಅಗ್ಗ, ಬೇಸರದ್ದು, ಆದರೆ ಕೆಲಸ ಮಾಡುತ್ತದೆ. ಸಾಲ್ವೀನಿಯಾಕ್ಕೆ ಬೀಜ ಇಲ್ಲ, ತುಂಡಿನಿಂದಲೇ ಹಬ್ಬುತ್ತದೆ. ಇದು ನಮಗೆ ಅನುಕೂಲವೂ ಹೌದು, ಅಪಾಯವೂ ಹೌದು. ಪೂರ್ತಿ ತೆಗೆದರೆ ಮತ್ತೆ ಮೊಳೆಯಲು ಬೀಜ ಉಳಿದಿರುವುದಿಲ್ಲ. ಒಂದು ಮೂಲೆಯಲ್ಲಿ ಒಂದು ಹಿಡಿ ಬಿಟ್ಟರೆ ಒಳ್ಳೆ ಬಿಸಿಲಿನಲ್ಲಿ ಕೆಲವೇ ದಿನಕ್ಕೆ ಇಮ್ಮಡಿ. ಹಾಗಾಗಿ ಹಗ್ಗ ಕಟ್ಟಿ ಒಂದು ಕಡೆಗೆ ಎಳೆದು ತನ್ನಿ. ಕೊನೆಯ ಚೂರಿನವರೆಗೆ ಬಲೆಯಿಂದ ಜಾಲಿಸಿ. ತೋಡಿನ ಬಾಯಿಗೆ ಬಲೆ ಕಟ್ಟಿ. ಒಂದು ವಾರ ಬಿಟ್ಟು ಮತ್ತೆ ನೋಡಿ. ನೀಲಿ ಹೂವಿನ ಕಳೆಯ ಕಥೆ ಬೇರೆ. ಅದರ ಬೀಜ ಕೆಸರಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಅದನ್ನು ಹೂ ಬಿಡುವ ಮೊದಲೇ ಎತ್ತಬೇಕು.

ಎತ್ತಿದ್ದನ್ನು ಕೆರೆಯ ದಂಡೆಯಲ್ಲೇ ರಾಶಿ ಹಾಕುವುದು ನಮ್ಮಲ್ಲಿ ಸಾಮಾನ್ಯ. ಶ್ರಮದಾನದ ದಿನ ಫೋಟೋ ತೆಗೆದು ಎಲ್ಲರೂ ಊಟಕ್ಕೆ ಹೋಗುತ್ತಾರೆ. ಕಳೆ ಅಲ್ಲೇ ಕೊಳೆತು ಅದರ ರಸ ವಾಪಸು ಕೆರೆಗೇ ಇಳಿಯುತ್ತದೆ. ಅದೇ ಕಳೆಯನ್ನು ಅಡಿಕೆ ಬುಡಕ್ಕೆ ಮುಚ್ಚಿಗೆ ಹಾಕಿದರೆ ಸೊಪ್ಪಿನ ಖರ್ಚು ಉಳಿಯುತ್ತದೆ. ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ ಆದ್ದರಿಂದ, ದಂಡೆಯಿಂದ ಸ್ವಲ್ಪ ಮೇಲೆ ಒಂದೆರಡು ದಿನ ಬಾಡಿಸಿ ಸಾಗಿಸಿದರೆ ಹೊರುವವರ ಬೆನ್ನು ಉಳಿಯುತ್ತದೆ.

ಹುಳದ ದಾರಿ ದೊಡ್ಡ ಜಾಗಕ್ಕೆ. ಸಾಲ್ವೀನಿಯಾವನ್ನು ಮಾತ್ರ ತಿನ್ನುವ ಸುಮಾರು ಎರಡು ಮಿಲಿಮೀಟರಿನ ಕಪ್ಪು ಸೊಂಡಿಲುಹುಳ ಇದೆ. 1980ರ ದಶಕದಲ್ಲಿ ಮೊದಲು ಬೆಂಗಳೂರಿನಲ್ಲಿ, ಆಮೇಲೆ ಕೇರಳದಲ್ಲಿ ಇದನ್ನು ಬಿಟ್ಟರು. ಕೇರಳದ ಹಿನ್ನೀರು, ಗದ್ದೆಗಳನ್ನು ಮುಚ್ಚಿದ್ದ ಪಾಯಲ್ ಹಲವು ಕಡೆ ಕುಸಿಯಿತು. ಒಳ್ಳೆಯ ಕೆಲಸ, ಅನುಮಾನ ಇಲ್ಲ. ಆದರೆ ಹುಳ ತಿಂದ ಕಳೆ ಮುಳುಗಿ ಅಲ್ಲೇ ಕೊಳೆಯುತ್ತದೆ, ಗೊಬ್ಬರ ಹೊರಗೆ ಹೋಗುವುದಿಲ್ಲ. ಮೇಲಾಗಿ ತಿಂಗಳುಗಟ್ಟಲೆ ಕಾಯಬೇಕು. ಅರ್ಧ ಎಕರೆಯ ಕೆರೆಗೆ ನಾಲ್ಕು ಜನ ಕೆಲಸದವರೇ ವಾಸಿ. ಹತ್ತಾರು ಎಕರೆಯ ನಿಂತ ನೀರಾದರೆ ಕೃಷಿ ವಿಶ್ವವಿದ್ಯಾಲಯದವರನ್ನು ಕೇಳಿ.

ಹುಲ್ಲುಗೆಂಡೆ ಮೀನು ಮುಳುಗಿ ಬೆಳೆಯುವ ಮೆತ್ತನೆಯ ಕಳೆಯನ್ನು ಚೆನ್ನಾಗಿ ಮೇಯುತ್ತದೆ. ಬಟಾಣಿ ಸಾರಿನಂಥ ಹಸಿರು ನೀರನ್ನು ಅದೇನೂ ಮಾಡುವುದಿಲ್ಲ. ಬದಲಿಗೆ ಕಳೆ ತಿಂದು ಹಿಕ್ಕೆ ಹಾಕಿ ಪಾಚಿಗೆ ಗೊಬ್ಬರ ಕೊಡುತ್ತದೆ. ಮೀನು ಹಿಡಿದು ಮಾರುವ ಕೆರೆಯಾದರೆ ಸ್ವಲ್ಪ ರಂಜಕ ಮೀನಿನ ಜೊತೆ ಹೊರಹೋಗುತ್ತದೆ. ದೇವರ ಕೆರೆಯಲ್ಲಿ ಮೀನು ಹಿಡಿಯುವ ಹಾಗಿಲ್ಲ. ಅದರ ಮೇಲೆ ಭಕ್ತರು ಬೇರೆ ಅಕ್ಕಿ, ಹೊದಳು ಹಾಕುತ್ತಾರೆ. ಅದೂ ಗೊಬ್ಬರವೇ. ಬೇಡ ಅಂದರೆ ಬೇಸರ ಮಾಡಿಕೊಳ್ಳುತ್ತಾರೆ, ಒಂದು ಹಿಡಿಗೆ ನಿಲ್ಲಿಸಿ ಅನ್ನಬಹುದು. ಮಳೆಗಾಲದಲ್ಲಿ ಉಕ್ಕಿ ತೋಡಿಗೆ ಸೇರುವ ಕೆರೆಗೆ ಮಾತ್ರ ಹೊರದೇಶದ ಮೀನನ್ನು ದಯವಿಟ್ಟು ಬಿಡಬೇಡಿ. ಅಲ್ಲಿಂದ ಶಿರಿಯ ಹೊಳೆಗೋ ಪಯಸ್ವಿನಿಗೋ ಹೋದ ಮೀನನ್ನು ವಾಪಸು ಕರೆಯಲು ಆಗುವುದಿಲ್ಲ.

ಹೂಳೆತ್ತುವುದು

ಅಳತೆಕೋಲಿನಲ್ಲಿ ಇದಕ್ಕೆ ದೊಡ್ಡ ಅಂಕ. ದಶಕಗಳಿಂದ ಸೇರಿದ ರಂಜಕ ತಳದ ಕಪ್ಪು ಕೆಸರಿನಲ್ಲಿ ಕೂತಿದೆ. ಅದನ್ನು ತೆಗೆದರೆ ಒಳಗಿನ ಗೊಬ್ಬರದ ಮೂಲವೇ ಹೋಯಿತು. ಕೆರೆಯ ಆಳವೂ ಸಿಕ್ಕಿತು. ಹಾಗಾದರೆ ಇದನ್ನೇ ಮೊದಲು ಮಾಡಬಾರದೇ? ಮಾಡಬಹುದು, ತೋಡಿನಿಂದ ಬರುವ ಕೆಂಪು ನೀರನ್ನು ನಿಲ್ಲಿಸಿದ್ದರೆ. ಇಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮೇಲಿನ ಗುಡ್ಡದಲ್ಲಿ ರಬ್ಬರಿಗೋ ಅಡಿಕೆಗೋ ಹೊಸದಾಗಿ ಮಟ್ಟ ಮಾಡಿದ್ದರೆ ನಾಲ್ಕೈದು ಮಳೆಗಾಲಕ್ಕೆ ಹೂಳು ಮತ್ತೆ ಹಾಜರು. ಲಕ್ಷಗಟ್ಟಲೆ ಖರ್ಚಿನ ಕೆಲಸ ಇದು. ಎರಡನೇ ಸಲ ಪಂಚಾಯತ್ ದುಡ್ಡು ಕೊಡುವುದಿಲ್ಲ.

ಯಂತ್ರದಲ್ಲೋ, ಆಳುಗಳಿಂದಲೋ? ಯಂತ್ರ ಬೇಗ ಮುಗಿಸುತ್ತದೆ. ಅದರ ಚಾಲಕನಿಗೆ ಹೂಳು ಎಲ್ಲಿ ಮುಗಿಯಿತು, ಕೆರೆಯ ಹಳೇ ತಳ ಎಲ್ಲಿ ಶುರುವಾಯಿತು ಅನ್ನುವುದು ಮಾತ್ರ ಮೇಲೆ ಕೂತಲ್ಲಿಂದ ತಿಳಿಯುವುದಿಲ್ಲ. ಮುರಕಲ್ಲಿನಲ್ಲಿ ಮಾಟೆಗಳು, ಅಂದರೆ ತೂತುಗಳು, ಇರುತ್ತವೆ. ಹಿರಿಯರು ಜೇಡಿ ಮಣ್ಣು ಮೆತ್ತಿದ್ದ ತಳವನ್ನು ಕೆರೆದು ಹಾಕಿದರೆ ಡಿಸೆಂಬರಿಗೇ ಕೆರೆ ಖಾಲಿ. ಕಪ್ಪು ಕೆಸರು ಮುಗಿದು ಬೂದು ಅಥವಾ ಹಳದಿ ಜೇಡಿ ಕಂಡಲ್ಲಿಗೆ ಬಕೆಟ್ ನಿಲ್ಲಬೇಕು. ಇದನ್ನು ನೋಡಲು ಊರಿನ ಒಬ್ಬರು ಅಲ್ಲೇ ನಿಂತಿರಬೇಕು. ಕಲ್ಲಿನ ಮೆಟ್ಟಿಲು ಕಟ್ಟಿದ ದೇವಸ್ಥಾನದ ಕೆರೆಗೆ ಯಂತ್ರ ಇಳಿಸದಿರುವುದೇ ಒಳ್ಳೆಯದು.

ಮದಕಗಳಿಗೆ ಈ ಮಾತು ತಿರುಗುಮುರುಗು. ಗುಡ್ಡಗಳ ನಡುವಿನ ತಗ್ಗಿಗೆ ದಂಡೆ ಕಟ್ಟಿ ಮಳೆನೀರು ನಿಲ್ಲಿಸುವ ಮದಕದ ಉದ್ದೇಶವೇ ನೀರು ಇಂಗಬೇಕು, ಕೆಳಗಿನ ಬಾವಿ, ನೀರಿನ ಸುರಂಗ, ತೋಟಕ್ಕೆ ಒರತೆ ಬರಬೇಕು ಅಂತ. ಅಲ್ಲಿ ತಳದ ಹೂಳು ನೀರಿನ ದಾರಿಯನ್ನೇ ಮುಚ್ಚಿರುತ್ತದೆ. ಹೂಳೆತ್ತಿದರೆ ಮದಕ ಬೇಗ ಬತ್ತೀತು, ಕೆಳಗಿನವರ ಬಾವಿ ತುಂಬೀತು. ಮದಕ ಬತ್ತಿತಲ್ಲ ಅಂತ ಗಾಬರಿ ಬೀಳಬೇಡಿ.

ಕಾರಂಜಿ, ಬ್ಯಾಕ್ಟೀರಿಯಾ ಪುಡಿ, ತೇಲುವ ತೋಟ

ಕಾರಂಜಿ ಮೇಲಿನ ನೀರನ್ನು ಕುಣಿಸುತ್ತದೆ. ಸಂಜೆ ಹೊತ್ತು ಚಂದ, ಬೆಳಗಿನ ಜಾವ ಮೀನಿಗೆ ಸ್ವಲ್ಪ ಉಸಿರು. ತಳದಿಂದ ಗಾಳಿ ಗುಳ್ಳೆ ಬಿಡುವ ವ್ಯವಸ್ಥೆ ಇದಕ್ಕಿಂತ ಮೇಲು. ತಳದಲ್ಲಿ ಆಮ್ಲಜನಕ ಇದ್ದರೆ ನಮ್ಮ ಕೆಂಪು ಮಣ್ಣಿನ ಕಬ್ಬಿಣ ರಂಜಕವನ್ನು ಬಿಡುವುದಿಲ್ಲ ಅಂತ ಆಗಲೇ ನೋಡಿದೆವು. ಆದರೆ ರಾತ್ರಿಯಿಡೀ ಓಡಬೇಕು, ಕರೆಂಟ್ ಬಿಲ್ ಯಾರಾದರೂ ಕಟ್ಟಬೇಕು. ನಿಲ್ಲಿಸಿದ ವಾರವೇ ಹಳೇ ಕಥೆ.

ಬ್ಯಾಕ್ಟೀರಿಯಾ ಪುಡಿ, ಬೆಲ್ಲ ಹಾಕಿ ಹುದುಗಿಸಿದ ದ್ರಾವಣಗಳ ಬಗ್ಗೆ ನನಗೆ ಉತ್ಸಾಹ ಇಲ್ಲ. ವಾಸನೆ ಕಡಿಮೆಯಾಗಬಹುದು. ರಂಜಕ ಒಂದು ಮೂಲಧಾತು. ಯಾವ ಬ್ಯಾಕ್ಟೀರಿಯಾವೂ ಅದನ್ನು ತಿಂದು ಮಾಯ ಮಾಡಲಾರದು.

ತೇಲುವ ತೆಪ್ಪದ ಮೇಲೆ ಲಾವಂಚ, ಕಾಬಾಳೆ ಬೆಳೆಸುವುದು ಸಣ್ಣ ಕೆರೆಗೆ ಚೆನ್ನಾಗಿದೆ. ಬೇರು ನೀರಿನಿಂದ ಗೊಬ್ಬರ ಹೀರುತ್ತದೆ, ಬೇರಿನ ನಡುವೆ ಸಣ್ಣ ಜೀವಿಗಳಿಗೆ ಮನೆ ಸಿಗುತ್ತದೆ. ಎರಡು ಷರತ್ತು. ಆಗಾಗ ಕತ್ತರಿಸಿ ಹೊರಗೆ ಸಾಗಿಸಬೇಕು. ಕತ್ತರಿಸದೆ ಬಿಟ್ಟರೆ ಅದೂ ಕೊಳೆತು ಅಲ್ಲೇ ಬೀಳುತ್ತದೆ. ಹಟ್ಟಿಯ ನೀರು ನೇರ ಬಂದು ಬೀಳುವ ಕೆರೆಗೆ ನಾಲ್ಕು ತೆಪ್ಪ ಸಾಲುವುದಿಲ್ಲ.

ಬರುವ ದಾರಿಯಲ್ಲೇ ತಡೆಯುವುದು

ಇದಕ್ಕೆ ಉದ್ಘಾಟನೆ ಇಲ್ಲ, ರಿಬ್ಬನ್ ಇಲ್ಲ. ಖರ್ಚಿನ ಲೆಕ್ಕದಲ್ಲಿ ಮಾತ್ರ ಇದನ್ನು ಮೀರಿಸುವುದು ಯಾವುದೂ ಇಲ್ಲ. ತೋಡು ಕೆರೆ ಸೇರುವ ಜಾಗಕ್ಕಿಂತ ಮೇಲೆ ಒಂದು ಹೊಂಡ ತೋಡಿ. ನೀರು ಅಲ್ಲಿ ಸ್ವಲ್ಪ ನಿಂತು, ಕೆಂಪು ಮಣ್ಣನ್ನು ಇಳಿಸಿ ಮುಂದೆ ಹೋಗಲಿ. ವರ್ಷಕ್ಕೊಮ್ಮೆ ಆ ಹೊಂಡದ ಹೂಳನ್ನು ಎತ್ತುವುದು ಇಡೀ ಕೆರೆಯ ಹೂಳೆತ್ತುವುದಕ್ಕಿಂತ ಎಷ್ಟೋ ಸುಲಭ. ರಂಜಕ ಮಣ್ಣಿನ ಜೊತೆಗೇ ಬರುವ ನಮ್ಮ ಕಡೆ ಈ ಉಪಾಯಕ್ಕೆ ಬೇರೆ ಊರಿಗಿಂತ ಜಾಸ್ತಿ ಬೆಲೆ. ತೋಟ ಮತ್ತು ಕೆರೆಯ ನಡುವೆ ಒಂದು ಪಟ್ಟಿ ಹುಲ್ಲು, ಮುಂಡುಗ, ಕೇದಗೆ ಇರಲಿ. ದಂಡೆಯನ್ನು ಬೋಳಿಸಿ ಸಿಮೆಂಟ್ ಹಾಕುವುದೇ ಸೌಂದರ್ಯ ಅಂದುಕೊಂಡ ಕಡೆ ಈ ಜರಡಿ ಹೋಗಿಬಿಟ್ಟಿದೆ.

ಸ್ಲರಿಯದು ದೊಡ್ಡ ವಿಷಯ. ಪಂಪ್ ಹಾಕಿ ಸ್ಲರಿಯನ್ನು ನೇರ ತೋಟಕ್ಕೆ ಬಿಡುವ ಮನೆಗಳು ಬೇಕಾದಷ್ಟು ಇವೆ. ಮಳೆಗಾಲದಲ್ಲಿ ಟ್ಯಾಂಕ್ ತುಂಬಿತು ಅಂತ ಜಡಿಮಳೆಗೇ ಬಿಟ್ಟರೆ ಅದು ಅಡಿಕೆ ಬುಡದಲ್ಲಿ ನಿಲ್ಲದೆ ಕಪ್ಪಿನಲ್ಲಿ (ಅಡಿಕೆ ಸಾಲಿನ ನಡುವಿನ ಚರಂಡಿಯಲ್ಲಿ) ಹರಿದು ತೋಡಿಗೆ ಹೋಗುತ್ತದೆ. ಹಟ್ಟಿಯ ಮಾಡಿನ (ಛಾವಣಿಯ) ನೀರು ಸ್ಲರಿ ಗುಂಡಿಗೆ ಬೀಳದಂತೆ ದಂಬೆ (ನೀರು ಹರಿಯುವ ದೋಣಿ) ಕಟ್ಟಿದರೆ ಗುಂಡಿ ತುಂಬುವುದೇ ಅರ್ಧಕ್ಕರ್ಧ ಕಡಿಮೆಯಾದೀತು. ರಾಸಾಯನಿಕ ಗೊಬ್ಬರವನ್ನೂ ಒಂದೇ ಸಲ ಸುರಿಯದೆ ಮೇ-ಜೂನ್ ಒಮ್ಮೆ, ಸೆಪ್ಟೆಂಬರ್-ಅಕ್ಟೋಬರ್ ಒಮ್ಮೆ ಅಂತ ಎರಡು ಕಂತು ಮಾಡಿ. ಮೊದಲ ಕಂತು ಮುಂಗಾರು ಜೋರಾಗುವ ಮೊದಲೇ ಮಣ್ಣೊಳಗೆ ಸೇರಿರಲಿ. ರಬ್ಬರ್ ಶೀಟ್ ಮಾಡುವ ಮನೆಯಾದರೆ ಶೀಟ್ ಹಾಕಿದ ಹುಳಿ ನೀರನ್ನು ತೋಡಿಗೆ ಬಿಡದೆ ಇಂಗುಗುಂಡಿಗೆ ತಿರುಗಿಸಿ. ಆ ಗುಂಡಿ ಬಾವಿಯ ಹತ್ತಿರ ಬೇಡ.

ನೀರು ಯಾವುದು, ಆಯ್ಕೆ ಯಾವುದು?

ದೇವಸ್ಥಾನದ ಕೆರೆಗೆ ನಾನು ಆರಿಸುವುದು ಕೈಯಿಂದ ಕಳೆ ತೆಗೆಯುವುದು, ಒಗೆತ ನಿಲ್ಲಿಸುವುದು, ಮೇಲೆ ಒಂದು ಹೂಳುಹೊಂಡ. ಆಮೇಲೆ ಬೇಕಾದರೆ ಆಳುಗಳಿಂದ ಹೂಳು. ರಾಸಾಯನಿಕ ಯಾವುದೂ ಬೇಡ. ಕುಂಬಳೆ ಹತ್ತಿರದ ಅನಂತಪುರ ದೇವಸ್ಥಾನದ ಸರೋವರದಲ್ಲಿ ಬಬಿಯಾ ಮೊಸಳೆ 2022ರಲ್ಲಿ ತೀರಿಕೊಂಡ ಮೇಲೆ ಮರುವರ್ಷ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ನೀರಿನಲ್ಲಿ ಏನೇನು ಬದುಕಿದೆ ಅಂತ ನಮಗೆ ಪೂರ್ತಿ ಗೊತ್ತಿರುವುದಿಲ್ಲ.

ಸಿಲ್ಪಾಲಿನ್ ಪ್ಲಾಸ್ಟಿಕ್ ಹಾಸಿದ ತೋಟದ ಟ್ಯಾಂಕ್ ಬೇರೆ. ಅದು ಕೆರೆ ಅಲ್ಲ, ಪಾತ್ರೆ. ಮೇಲೆ ನೆರಳು ಬಲೆ ಹಾಕಿದರೆ ಬಿಸಿಲೂ ಕಡಿಮೆ, ಎಲೆ ಬೀಳುವುದೂ ಕಡಿಮೆ, ನೀರು ಆವಿಯಾಗುವುದೂ ಕಡಿಮೆ. ಹನಿ ನೀರಾವರಿಗೆ ಮರಳಿನ ಫಿಲ್ಟರ್ ಇಡಿ. ಮೀನಿಲ್ಲದ, ಎಲ್ಲಿಗೂ ಉಕ್ಕಿ ಹರಿಯದ, ಯಾರೂ ಕುಡಿಯದ ಟ್ಯಾಂಕಿಗೆ ಮೈಲುತುತ್ತ ಹಾಕಿದರೆ ನಾನು ಜಗಳ ಮಾಡುವುದಿಲ್ಲ. ಅಲ್ಲೂ ನೀರು ಮೆದುವೇ, ಅಲ್ಪಸ್ವಲ್ಪ ಸಾಕು.

ಗುಡ್ಡದ ಮೇಲಿನ ಪಳ್ಳಗಳನ್ನು ಮುಟ್ಟಬೇಡಿ. ಮುರಕಲ್ಲಿನ ಪಾರೆಯಲ್ಲಿ ಮಳೆಗಾಲಕ್ಕೆ ಮಾತ್ರ ತುಂಬುವ ಆ ನೀರಿನಲ್ಲಿ ಗೊಬ್ಬರವೇ ಇಲ್ಲ. ಅದಕ್ಕೇ ಅಲ್ಲಿ ಹುಳ ಹಿಡಿದು ತಿನ್ನುವ ಗಿಡಗಳು ಬೆಳೆಯುತ್ತವೆ. ಮೀನು ಬಿಡುವುದು, ಆಳ ಮಾಡುವುದು, ಅಭಿವೃದ್ಧಿ ಮಾಡುವುದು, ಯಾವುದೂ ಬೇಕಾಗಿಲ್ಲ.

ಬಾವಿಯ ನೀರಿಗೆ ಹಸಿರು ಗುರುತೇ ಸಿಗುವುದಿಲ್ಲ. ಅಲ್ಲಿ ಹುಡುಕಬೇಕಾದ್ದು ನೈಟ್ರೇಟ್ ಮತ್ತು ಮಲದ ಬ್ಯಾಕ್ಟೀರಿಯಾ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ದಾಟಿದ ನೀರು ಎಳೆ ಮಕ್ಕಳಿಗೆ ಅಪಾಯ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಕೇರಳದ ಕಟ್ಟಡ ನಿಯಮದ ಪ್ರಕಾರ ಕುಡಿಯುವ ನೀರಿನ ಬಾವಿಗೂ ಇಂಗುಗುಂಡಿಗೂ ಏಳೂವರೆ ಮೀಟರ್ ಅಂತರ ಬೇಕು. ಮಾಟೆ ತುಂಬಿದ ಮುರಕಲ್ಲಿನಲ್ಲಿ ಅಷ್ಟು ಸಾಲದೆಯೂ ಇರಬಹುದು, ಜಾಗ ಇದ್ದರೆ ದೂರ ಹಾಕಿ. ಜಲ ಪ್ರಾಧಿಕಾರದ ಲ್ಯಾಬಿನಲ್ಲಿ ನೀರು ಪರೀಕ್ಷೆ ಮಾಡಿಸುವಾಗ ಮಳೆಗಾಲದ ಶುರುವಿನಲ್ಲಿ ಒಮ್ಮೆ, ಬೇಸಗೆಯಲ್ಲಿ ಒಮ್ಮೆ ಮಾಡಿಸಿ. ಎರಡರ ಫಲಿತಾಂಶ ಒಂದೇ ಥರ ಇರುವುದು ಅಪರೂಪ.

ಹೂಳೆತ್ತುವ ತೀರ್ಮಾನವೇ ಆಗಿದ್ದರೆ ಗುತ್ತಿಗೆದಾರನ ಕಾಗದದಲ್ಲಿ ಮೂರು ವಿಷಯ ಬರೆಸಿಕೊಳ್ಳಿ. ಹೂಳನ್ನು ಯಾವ ತೋಟಕ್ಕೆ, ಎಷ್ಟು ಲೋಡ್ ಸಾಗಿಸುತ್ತಾರೆ ಅನ್ನುವುದು. ಕೆರೆಯ ದಂಡೆಯಲ್ಲಿ ಒಂದು ಬುಟ್ಟಿಯೂ ಉಳಿಯಬಾರದು ಅನ್ನುವುದು. ಮತ್ತೆ ಕೆಲಸ ಪತ್ತನಾಜೆಗೆ, ಅಂದರೆ ಮೇ ಕೊನೆಗೆ ಮಳೆಗಾಲ ಶುರುವಾಗುವುದಕ್ಕೆ, ಮೊದಲು ಮುಗಿಯಬೇಕು, ಮುಗಿಯದಿದ್ದರೆ ಕೊನೆಯ ಕಂತು ಇಲ್ಲ ಅನ್ನುವುದು.